ಒಲಿಂಪಿಕ್ಕಿಗೆ ಹೊರಟವರ ನಾಲ್ಕು ಊರು

ಇಂಡಿ ಎಂದೊಡನೆ ನನ್ನ ಕಿವಿಗೆ ಈಗಲೂ ಮೊದಲು ಬರುವುದು ಎರಡು ಲೌಡ್‌ಸ್ಪೀಕರುಗಳ ಜಗಳ. ಎಪ್ಪತ್ತರ ದಶಕದ ನಡುವಿನ ಒಂದು ಜನವರಿ, ಸಂಕ್ರಮಣ ಮುಗಿದ ವಾರ. ಬಸ್‌ಸ್ಟ್ಯಾಂಡಿನ ಈ ಕಡೆ ಒಂದು ಟಾಂಗಾ, ಆ ಕಡೆ ಒಂದು ಟಾಂಗಾ. ಎರಡರ ನೆತ್ತಿಯ ಮೇಲೂ ತಗಡಿನ ಕಹಳೆ. “ನಮ್ಮ ಖೋಖೋ ಒಲಿಂಪಿಕ್ಕಿಗೆ” ಎಂದು ಒಂದು ಕಿರುಚುತ್ತಿತ್ತು. ಅದೇ ಮಾತನ್ನು ಚೂರು ತಡೆದು ಇನ್ನೊಂದು ಕಿರುಚುತ್ತಿತ್ತು. ಕುದುರೆಗಳೆರಡೂ ಕಿವಿಯನ್ನು ಹಿಂದಕ್ಕೊತ್ತಿಕೊಂಡು ನಿಂತಿದ್ದವು.

ನಾನಾಗ ಬಿಜಾಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಅಲ್ಲಿ ನಮ್ಮ ಸಿಸ್ಟರು ಥ್ರೋಬಾಲ್ ಆಡಿಸುತ್ತ, ಸೋತವರನ್ನೂ ಗೆದ್ದವರನ್ನೂ ಒಟ್ಟಿಗೆ ನಿಲ್ಲಿಸಿ, “ಫೇರ್ ಪ್ಲೇ, ಗರ್ಲ್ಸ್” ಎನ್ನುತ್ತಿದ್ದರು. ಜಗತ್ತೆಲ್ಲ ಹಾಗೇ ಇರುತ್ತದೆಂದು ನಂಬಿಕೊಂಡು ಬೆಳೆದವಳು ನಾನು. ಜಿಲ್ಲೆಯ ಹೆಣ್ಣುಮಕ್ಕಳ ಖೋಖೋ ತಂಡ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಿರುಗಿ ಅಲ್ಲಲ್ಲಿಯ ಹುಡುಗಿಯರೊಡನೆ ಆಡುವುದೆಂದು ಗೊತ್ತಾಗಿತ್ತು. ಬಾಗೇವಾಡಿಯಲ್ಲಿ ಬೆಂಗಳೂರಿನ ಸಾಹೇಬರೊಬ್ಬರು ಕೂತು ರಾಜ್ಯ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರಿದ್ದರು. ಜೊತೆಗೆ ಒಬ್ಬ ಲೇಡಿ ಮ್ಯಾನೇಜರ್ ಬೇಕು ಎಂದಾಗ ನಮ್ಮ ಹೆಡ್‌ಮಿಸ್ಟ್ರೆಸ್ ನನ್ನ ಕಡೆ ಕೈ ತೋರಿಸಿದರು.

ಜಿಲ್ಲೆಯಲ್ಲಿ ಖೋಖೋಗೆ ಎರಡು ಸಂಸ್ಥೆಗಳಿದ್ದವು. ಎರಡರ ಹೆಸರೂ ಉದ್ದ. ಜನ ಬ್ಯಾನರಿನ ಬಣ್ಣ ನೋಡಿ ಕೆಂಪಿನವರು, ಹಸಿರಿನವರು ಎನ್ನುತ್ತಿದ್ದರು. ನಮ್ಮನ್ನು ಕಳಿಸಿದ ಕೆಂಪಿನವರಿಗೆ ಬಿಜಾಪುರದ ವಕೀಲರೊಬ್ಬರು ಅಧ್ಯಕ್ಷರು. ಹಸಿರಿನವರಿಗೆ ಮುದ್ದೇಬಿಹಾಳದ ಕಾಳುಕಡಿಯ ಅಡತಿ ಅಂಗಡಿಯ ಸಾವಕಾರರು. ಮೊದಲು ಒಂದೇ ಆಗಿದ್ದ ಸಂಸ್ಥೆ, ಯಾವುದೋ ಸತ್ಕಾರದಲ್ಲಿ ಮೊದಲ ಹಾರ ಯಾರ ಕೊರಳಿಗೆ ಎಂಬಲ್ಲಿ ಒಡೆದಿತ್ತಂತೆ. ಈಗ ಖೋಖೋವನ್ನು ಒಲಿಂಪಿಕ್ಕಿಗೆ ಒಯ್ಯುವವರು ತಾವೇ ಎಂದು ಇಬ್ಬರೂ ಹೊರಟಿದ್ದರು. ಬೆಂಗಳೂರಿನವರು ಯಾರನ್ನು ಒಪ್ಪುತ್ತಾರೋ ಅವರ ಹೆಸರು ಮೇಲಕ್ಕೆ ಹೋಗುತ್ತದೆ ಎಂಬುದೇ ಇಬ್ಬರ ಧ್ಯಾನ. ಖೋಖೋ ಗೆರೆಯ ಮೇಲೆ ಒಂದು ದಿನವಾದರೂ ಕುಕ್ಕರಗಾಲಿನಲ್ಲಿ ಕೂತ ಮಂದಿಯಂತೂ ಅವರಲ್ಲಿ ಒಬ್ಬರೂ ನನಗೆ ಕಾಣಲಿಲ್ಲ.

ಇಂಡಿಯಲ್ಲಿ ನಮ್ಮ ಕ್ಯಾಪ್ಟನ್ ಗುರುಬಾಯಿ ಬಂದು ಸೇರಿಕೊಂಡಳು. ಹತ್ತಿರದ ಸಾಲೋಟಗಿಯ ಹುಡುಗಿ, ಹತ್ತೊಂಬತ್ತು ವರ್ಷ, ತಂಡದಲ್ಲಿ ಮದುವೆಯಾದವಳು ಅವಳೊಬ್ಬಳೇ. ಹಿಂದೆ ಅವಳ ಅತ್ತೆ ಬಸಲಿಂಗವ್ವ, ಹೆಗಲಿಗೆ ರೊಟ್ಟಿಯ ಗಂಟು. ಸೊಸೆಯನ್ನು ಕಾಯಲು ಬಂದಿರಬೇಕೆಂದು ನಾನು ತಿಳಿದರೆ, ಆಕೆ ಬಂದದ್ದು ಆಟ ನೋಡಲು. ಕೆಂಪಿನವರು ಒಲಿಂಪಿಕ್ ಪದ್ಧತಿ ಎಂದು ಎಲ್ಲರಿಗೂ ಹಾಫ್‌ಪ್ಯಾಂಟ್ ಹಂಚಿದಾಗ ಗುರುಬಾಯಿಯದಕ್ಕೆ ಅತ್ತೆಯೇ ಮೊಣಕಾಲು ಮುಚ್ಚುವಷ್ಟು ಬಟ್ಟೆ ಹಚ್ಚಿ ಹೊಲಿದಿದ್ದಳು. ಆಕೆಯ ಮಗ ಆಲಮಟ್ಟಿಯ ಡ್ಯಾಮಿನ ಕೆಲಸದಲ್ಲಿದ್ದ. ಈ ಸುಗ್ಗಿ ಮುಗಿದೊಡನೆ ಹೆಂಡತಿಯನ್ನು ಅಲ್ಲಿಯ ಶೆಡ್ಡಿಗೆ ಕರೆಸಿಕೊಳ್ಳುವವನಿದ್ದ. ಅವನ ಹತ್ತಿರ ತಾಯಿ ಕರಾರು ಮಾಡಿಕೊಂಡಿದ್ದಳು: ರಾಜ್ಯ ತಂಡಕ್ಕೆ ಆರಿಸಿ ಬಂದರೆ ಇನ್ನೊಂದು ವರ್ಷ ಊರಲ್ಲಿದ್ದು ಆಡಲಿ, ಇಲ್ಲವಾದರೆ ಆಟ ಬಂದ್. ಇದನ್ನು ಗುರುಬಾಯಿಯೇ ನನಗೆ ಲಿಂಬೆ ಶರಬತ್ತು ಕುಡಿಯುತ್ತ ಹೇಳಿದಳು. ಅವಳಿಗೆ ಒಲಿಂಪಿಕ್ಕಿನ ಹುಚ್ಚೇನಿರಲಿಲ್ಲ. ಇನ್ನೊಂದು ವರ್ಷ ಬೇಕಾಗಿತ್ತು, ಅಷ್ಟೇ.

ಇಂಡಿಯ ಆಟ ನಾವು ಗೆದ್ದೆವು. ಅದಕ್ಕೂ ಮುಂಚೆ ವಕೀಲರು ಮೈಕು ಹಿಡಿದು ಗ್ರೀಸ್ ದೇಶದ ಚರಿತ್ರೆ ಹೇಳುತ್ತಿದ್ದಾಗ ಹುಡುಗಿಯರು ಅಷ್ಟು ಹೊತ್ತೂ ಬಿಸಿಲಲ್ಲಿ ಗೆರೆಯ ಮೇಲೆ ಕೂತಿದ್ದರು. ಕುಡಿಯಲು ನೀರಿಟ್ಟಿದ್ದು ಸ್ಟೇಜಿನ ಮೇಲೆ.

ಮರುದಿನ ಸಿಂದಗಿ. ಐವತ್ತು ಕಿಲೋಮೀಟರಿನಷ್ಟು ದಾರಿ, ಎರಡು ರೂಪಾಯಿ ಚಿಲ್ಲರೆ ಟಿಕೇಟು, ಎರಡೂ ಕಡೆ ತೆನೆ ತುಂಬಿದ ಬಿಳಿಜೋಳ. ಬಸ್ಸು ಕೆಟ್ಟು ನಿಂತಲ್ಲಿ ಹೊಲದವರು ಹಸಿ ತೆನೆ ಸುಟ್ಟು ಸೀತನಿ ಉದುರಿಸಿ ಕೊಟ್ಟರು. ಬೆಲ್ಲ ಸೇರಿಸಿ ಮುಕ್ಕಿದೆವು. ಸಿಂದಗಿ ತಲುಪಿ ಆಟದ ಬಯಲು ನೋಡಿದರೆ ಪೂರ್ತಿ ನೇಗಿಲು ಹೊಡೆದಿತ್ತು! ಎರಿಮಣ್ಣಿನ ಹೆಂಟೆಗಳು ಕಲ್ಲಿನಂತೆ ಎದ್ದಿದ್ದವು. ಕೆಂಪಿನವರ ಆಟ ನಡೆಯಬಾರದೆಂದು ಹಸಿರಿನವರು ಹಿಂದಿನ ದಿನ ಎತ್ತು ಹೂಡಿಸಿದ್ದರು. ಇವರು ಒಲಿಂಪಿಕ್ಕಿಗೆ ಹೋಗುವವರು.

ಕಡೆಗೆ ಊರಾಚೆಯ ರೈತರೊಬ್ಬರು ತಮ್ಮ ಕಣ ಬಿಟ್ಟುಕೊಟ್ಟರು. ರಾಶಿ ಮಾಡಲೆಂದು ಸೆಗಣಿ ಸಾರಿಸಿ ಗಟ್ಟಿ ಮಾಡಿದ ಕಣ, ನಮ್ಮ ಪುಣ್ಯಕ್ಕೆ ಇನ್ನೂ ತೆನೆ ಹಾಕಿರಲಿಲ್ಲ. ಆದರೆ ನಟ್ಟನಡುವೆ ಎತ್ತು ಕಟ್ಟುವ ಮೇಟಿ ಇತ್ತು.

“ಮೇಟಿ ಕೀಳಂಗಿಲ್ಲ ನೋಡ್ರಿ ಅಕ್ಕೋರ, ಪೂಜಿ ಆಗೇತಿ” ಎಂದರು ಅವರು.

“ಇರ್ಲಿ ಬಿಡ್ರಿ ಕಾಕಾ” ಎಂದಳು ಗುರುಬಾಯಿ. “ಅದೂ ಒಂದು ಆಡ್ಲಿ ನಮ್ಮ ಜೋಡಿ.”

ಕಣ ಸಣ್ಣದೆಂದು ಗೆರೆಯ ಮೇಲೆ ಕೂಡುವವರನ್ನು ಕಡಿಮೆ ಮಾಡಿ, ಮೇಟಿಯನ್ನು ನಡುವೆ ಬಿಟ್ಟುಕೊಂಡೇ ಆಡಿದರು. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಖೋಖೋ ಇನ್ನೊಂದು ನೋಡಿಲ್ಲ. ಬಸಲಿಂಗವ್ವ ಬಣವೆಯ ಮೇಲೆ ಹತ್ತಿ ಕೂತು, ಸೊಸೆ ಒಬ್ಬಳನ್ನು ಮುಟ್ಟಲಾರದೆ ಹೋದಾಗ, ಮನೆಯಲ್ಲಿ ಉಂಡದ್ದು ಎಲ್ಲಿ ಹೋಯಿತೇ ಎಂದು ಬೈಯುತ್ತಿದ್ದಳು.

ಮುದ್ದೇಬಿಹಾಳಕ್ಕೆ ತಾಳಿಕೋಟೆಯ ಮೇಲೆ ಹೋಗುವ ಬಸ್ಸು. ಧೂಳು ಕುಡಿಯುತ್ತ ಮಧ್ಯಾಹ್ನ ಇಳಿದೆವು. ಬೆಳಿಗ್ಗೆ ಮಾಗಿಯ ಚಳಿ ಇದ್ದದ್ದು, ಈಗ ತಲೆ ಸುಡುವ ಬಿಸಿಲು. ನಮಗೆ ಉಳಿಯಲು ಗೊತ್ತು ಮಾಡಿದ್ದ ಸಾಲೆಗೆ ಬೀಗ. ಇದು ಹಸಿರು ಸಾವಕಾರರ ಊರು. ಬೀಗದ ಕೈ ಅವರ ಹತ್ತಿರವೇ ಇತ್ತು. ಕೆಂಪಿನ ವಕೀಲರು ತಮ್ಮ ಪರಿಚಯದವರ ಬಂಗಲೆಗೆ ಊಟಕ್ಕೆ ಹೋದರು, ಸಂಜೆ ನೋಡೋಣವಂತೆ. ಹರೆಯದ ಹನ್ನೆರಡು ಹುಡುಗಿಯರನ್ನು ಕಟ್ಟಿಕೊಂಡು ನಾನು ಬಸ್‌ಸ್ಟ್ಯಾಂಡಿನಲ್ಲಿ ಕೂತೆ. ನೋಡಲು ಜನ ನೆರೆಯಿತು. ಶೇಮ್‌ಲೆಸ್ ಎಂಬ ಮಾತಿಗೆ ಕನ್ನಡದಲ್ಲಿ ಎಷ್ಟು ಮಾತುಗಳಿವೆಯೋ ಎಲ್ಲವನ್ನೂ ಅಂದು ಮನಸ್ಸಿನಲ್ಲೇ ಅಂದುಕೊಂಡೆ.

ಅಷ್ಟರಲ್ಲಿ ಆಳೊಬ್ಬ ಬಂದ, ಸಾವಕಾರ್ತಿ ನೀಲಮ್ಮನವರು ಕರೆಯುತ್ತಾರೆಂದ. ಹೌದು, ಅದೇ ಹಸಿರು ಸಾವಕಾರರ ಹೆಂಡತಿ. ನಾವು ಅಂಗಳಕ್ಕೆ ಕಾಲಿಡುವಾಗ ಆಕೆ ಗಂಡನಿಗೆ ಹೇಳುತ್ತಿದ್ದದ್ದು ಬೀದಿಗೆಲ್ಲ ಕೇಳುತ್ತಿತ್ತು: “ನಿಮ್ಮ ಜಗಳ ನೀವು ಆಡ್ರಿ. ಪರ ಊರ ಹೆಣ್ಮಕ್ಕಳು ಬಿಸಲಾಗ ಕುಂತ್ರ ಮಂದಿ ನನಗ ಅಂತಾರ.” ಸಾವಕಾರರು ಟೋಪಿ ಹಾಕಿಕೊಂಡು ಅಂಗಡಿಗೆ ನಡೆದರು. ನಮಗೆ ಖಡಕ್ ರೊಟ್ಟಿ, ಎಣ್ಣೆಗಾಯಿ ಬದನೆ, ಮೊಸರು, ಗೋಧಿ ಹುಗ್ಗಿ. ಹುಡುಗಿಯರು ಪಡಸಾಲೆಯಲ್ಲಿ ಉರುಳಿ ನಿದ್ದೆ ಹೋದರು. ಆ ಊರಲ್ಲಿ ಆಟವೇ ಆಗಲಿಲ್ಲ.

ಮರುದಿನ ಬೆಳಿಗ್ಗೆ ಹೊರಡುವಾಗ ನೀಲಮ್ಮನವರು ಮುತ್ತೈದೆಯರಾದ ನಮ್ಮಿಬ್ಬರನ್ನು, ನನ್ನನ್ನೂ ಗುರುಬಾಯಿಯನ್ನೂ, ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದರು. ಕುಪ್ಪಸಕ್ಕೆ ಗುಳೇದಗುಡ್ಡದ ಖಣ, ಅಕ್ಕಿ, ಕಾಯಿ, ಅರಿಶಿಣದ ಬೇರು, ಉತ್ತತ್ತಿ, ಮೇಲೆ ಒಂದು ರೂಪಾಯಿ. ಮನೆಗೆ ಬಂದ ಮುತ್ತೈದೆಯನ್ನು ಬರಿದೇ ಕಳಿಸಬಾರದು. ಅಷ್ಟೇ ಅದರ ಅರ್ಥ. ಗುರುಬಾಯಿ ಸೆರಗಿನಲ್ಲಿ ಗಂಟು ಕಟ್ಟಿ ಆಕೆಯ ಕಾಲು ಮುಟ್ಟಿದಳು. ಮಗಳನ್ನು ಕಳಿಸುವಂತೆ ನೀಲಮ್ಮನವರು ಕಣ್ಣು ಒರೆಸಿಕೊಂಡರು. ಮಕ್ಕಳಿಲ್ಲದ ಮನೆ ಎಂದು ಆಮೇಲೆ ತಿಳಿಯಿತು.

ಬಸವನ ಬಾಗೇವಾಡಿಗೆ ಬಂದದ್ದು ಅದೇ ದಿನ ಹತ್ತು ಗಂಟೆಗೆ. ಶಾಮಿಯಾನ, ಸೋಫಾ, ಸೋಫಾದಲ್ಲಿ ಬೆಂಗಳೂರಿನ ಸಾಹೇಬರು. ಅವರ ಒಂದು ಪಕ್ಕ ನಮ್ಮ ವಕೀಲರು; ಇನ್ನೊಂದು ಪಕ್ಕ, ನೋಡಿದರೆ, ಹಸಿರು ಸಾವಕಾರರು! ನಮಗಿಂತ ಮುಂಚೆ ಜೀಪಿನಲ್ಲಿ ಬಂದು ತಕರಾರು ಸಲ್ಲಿಸಿದ್ದರು. ಒಲಿಂಪಿಕ್ಕಿನಲ್ಲಿ ಆಡುವವರು ಅಮೆಚೂರ್ ಆಗಿರಬೇಕು, ಆಟಕ್ಕಾಗಿ ಹಣ, ವಸ್ತು ಮುಟ್ಟಬಾರದು. ಕೆಂಪಿನವರ ಕ್ಯಾಪ್ಟನ್ ಆಟದ ಪ್ರವಾಸದಲ್ಲಿ ಬಟ್ಟೆಯನ್ನೂ ನಗದನ್ನೂ ಪಡೆದಿದ್ದಾಳೆ. ಆದ್ದರಿಂದ ಆಕೆ ಪ್ರೊಫೆಶನಲ್. ಎಲ್ಲಿ ಪಡೆದಳು? ಅವರದೇ ಮನೆಯಲ್ಲಿ. ಯಾರು ಕೊಟ್ಟರು? ಅವರದೇ ಹೆಂಡತಿ.

ಈ ಮಾತು ಕೇಳಿ ನಮ್ಮ ವಕೀಲರು ಸಾವಕಾರರ ಮೇಲೆ ಏರಿಹೋಗುತ್ತಾರೆಂದು ಕಾದೆ. ಅವರು ಸಾಹೇಬರ ಮುಖವನ್ನೇ ನೋಡುತ್ತಿದ್ದರು. ಸಾಹೇಬರು ರೂಲ್ ಈಸ್ ರೂಲ್ ಎಂದರು. ಒಡನೆ ವಕೀಲರು ನನ್ನನ್ನು ಬದಿಗೆ ಕರೆದು, “ಮೇಡಮ್, ಇಟ್ ಈಸ್ ಎ ಕ್ವೆಶ್ಚನ್ ಆಫ್ ಅಮೆಚೂರ್ ಸ್ಟೇಟಸ್” ಎಂದು ಪಿಸುಗುಟ್ಟಿದರು. ಒಂದು ದಾರಿ ಇದೆಯಂತೆ: ಹುಡುಗಿ ಎಲ್ಲರೆದುರು ಆ ಗಂಟನ್ನು ಸಾವಕಾರರಿಗೆ ಹಿಂತಿರುಗಿಸಿಬಿಟ್ಟರೆ ಆಡಬಹುದು.

ನನಗೆ ಮೈ ಉರಿಯಿತು. ನನ್ನ ಉಡಿಯೂ ತುಂಬಿದೆಯಲ್ಲ, ನಾನು ಯಾವ ಆಟದ ಪ್ರೊಫೆಶನಲ್ಲು ಎಂದು ಕೇಳಿದೆ. ಕೇಳಿದ್ದು ಇಂಗ್ಲಿಷಿನಲ್ಲಿ, ಸೋಫಾದವರಿಗೆ ಕೇಳುವ ಹಾಗೆ. ಸಾಹೇಬರು ಗಡಿಯಾರ ನೋಡಿಕೊಂಡರು. ಕೊರಳಲ್ಲಿ ಹಾರ, ಕೈಯಲ್ಲಿ ಶಾಲು, ತೆಂಗಿನಕಾಯಿ ಹಿಡಿದು ಕೂತಿದ್ದ ಆ ಮೂವರಲ್ಲಿ ಯಾರಿಗೂ ತಾವು ಪ್ರೊಫೆಶನಲ್ ಎನಿಸಿದಂತಿರಲಿಲ್ಲ.

ಬಸಲಿಂಗವ್ವ ನೇರ ಸಾವಕಾರರ ಮುಂದೆ ಹೋಗಿ ನಿಂತಳು. “ನಿಮ್ಮ ಮನ್ಯಾಗ ಉಡಿ ತುಂಬೂದು ಕೂಲಿ ಏನ್ರಿ ಸಾವಕಾರ?”

ಅವರು ಕೊಡೆಯ ತುದಿಯಿಂದ ಮಣ್ಣು ಕೆದರಿದರು. ಮುದುಕಿ ಸೊಸೆಯ ಹತ್ತಿರ ಬಂದು, ದನಿ ತಗ್ಗಿಸಿ, “ಕೊಟ್ಟಬಿಡು. ಪಾಪ ಬಂದ್ರ ನನಗ ಬರ್ಲಿ, ನಾ ಮುದುಕಿ. ನೀ ಆಡು” ಎಂದಳು.

ಗುರುಬಾಯಿ ಮೈದಾನದ ಕಡೆ ನೋಡಿದಳು. ಹುಡುಗಿಯರು ಕೂತಾಗಿತ್ತು, ಅವಳ ಜಾಗ ಒಂದೇ ಖಾಲಿ. ಅಷ್ಟು ಆಸೆಯಿಂದ ಯಾರಾದರೂ ಬರಿ ನೆಲವನ್ನು ನೋಡಿದ್ದನ್ನು ನಾನು ಕಂಡಿಲ್ಲ.

“ಒಲ್ಲೆ ಅತ್ತಿ” ಎಂದಳು. “ಆ ತಾಯಿ ಮಗಳಂತ ತಿಳದು ತುಂಬ್ಯಾಳ. ಉಡಿ ಬರಿದು ಮಾಡ್ಕೊಂಡು ನಾ ಯಾ ಒಲಿಂಪಿಕ್ಕಿಗೂ ಹೋಗಂಗಿಲ್ಲ.”

ಮೈಕಿನಲ್ಲಿ ಅವಳನ್ನು ಆಜೀವ ಬಹಿಷ್ಕರಿಸಿದರು. ಎರಡೂ ಸಂಸ್ಥೆಗಳು ಒಂದಾಗಿ ಮಾಡಿದ ಕೆಲಸ, ನಾನು ಬಲ್ಲಂತೆ, ಅದೊಂದೇ. ಮಿಕ್ಕವರು ಅಳುತ್ತ ಆಡಿ ಸೋತರು. ಸಾಹೇಬರು ನಮ್ಮಲ್ಲಿ ಯಾರನ್ನೂ ಆರಿಸಲಿಲ್ಲ.

ಐವತ್ತು ವರ್ಷವಾಗುತ್ತ ಬಂತು. ಖೋಖೋ ಇನ್ನೂ ಒಲಿಂಪಿಕ್ ಮೆಟ್ಟಿಲು ಹತ್ತಿಲ್ಲ. ಟಿವಿಯಲ್ಲಿ ಯಾರಾದರೂ ಶಾಲು ಹೊದ್ದವರು ಇಂಥದೊಂದು ಆಟವನ್ನು ತಾವೇ ಒಲಿಂಪಿಕ್ಕಿಗೆ ಒಯ್ಯುತ್ತೇವೆ ಎಂದರೆ ನಾನು ಚಾನೆಲ್ ಬದಲಿಸುತ್ತೇನೆ. ಮೊಮ್ಮಗಳು ನಗುತ್ತಾಳೆ. ನಗಲಿ.

ಅಂದು ಬಾಗೇವಾಡಿಯಿಂದ ಮನಗೂಳಿಯ ಮೇಲೆ ಬಿಜಾಪುರಕ್ಕೆ ಬಂದಾಗ ಸಂಜೆ ಐದು. ಹುಡುಗಿಯರು ತಮ್ಮ ತಮ್ಮ ಮನೆಗೆ ಹೋದರು. ಅತ್ತೆ ಸೊಸೆಗೆ ಇಂಡಿಯ ಬಸ್ಸು. ಬಸಲಿಂಗವ್ವ ಹತ್ತಿ ಸೀಟು ಹಿಡಿದಳು. ಗುರುಬಾಯಿ ನೀರು ತರಲು ನಲ್ಲಿಯ ಹತ್ತಿರ ಹೋದಳು, ಅತ್ತೆಗೆ ದಾರಿಯಲ್ಲಿ ಬಾಯಾರುತ್ತದೆಂದು. ಅವಳಿಗೆ ಏನು ಹೇಳಬೇಕೆಂದು ನಾನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಮಾತು ಹುಡುಕುತ್ತಿದ್ದೆ. ಸಿಗುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ಒಳಗಿನಿಂದ ಮುದುಕಿ ಕೂಗಿಕೊಂಡಳು; ಕಂಡಕ್ಟರನಿಗೆ ಕೇಳಿಸಲಿಲ್ಲ.

ಗುರುಬಾಯಿ ತಂಬಿಗೆಯನ್ನು ನನ್ನ ಕೈಗೆ ತುರುಕಿ ಓಡಿದಳು. ಒಂದು ಕೈ ಸೊಂಟಕ್ಕೆ ಸಿಕ್ಕಿಸಿದ ಉಡಿಯ ಗಂಟನ್ನು ಒತ್ತಿ ಹಿಡಿದಿತ್ತು. ಗೂಟಕ್ಕೆ ಕಟ್ಟಿದ ಆಡು, ಹಣ್ಣಿನ ಬುಟ್ಟಿ, ಹಮಾಲರು, ಹಿಂದಕ್ಕೆ ಬರುತ್ತಿದ್ದ ಸೊಲ್ಲಾಪುರದ ಬಸ್ಸು, ಯಾವುದನ್ನೂ ತಾಕದೆ ನಡುವೆ ನುಸುಳಿ, ಗೇಟಿನ ತಿರುವಿನಲ್ಲಿ ಬಾಗಿಲ ಕಂಬಿಗೆ ಕೈ ಹಾಕಿದಳು. ಸ್ಟ್ಯಾಂಡಿನ ಮಂದಿಯೆಲ್ಲ ಎದ್ದು ನಿಂತು ನೋಡಿತು. ಬಸ್ಸು ಅವಳನ್ನು ಹತ್ತಿಸಿಕೊಂಡೇ ತಿರುಗಿತು. ನೀರು ತುಂಬಿದ ತಂಬಿಗೆ ನನ್ನ ಕೈಯಲ್ಲೇ ಉಳಿಯಿತು. ಅವಳನ್ನು ನಾನು ಕಡೆಯ ಸಲ ನೋಡಿದ್ದು ಹಾಗೆ, ಓಡುತ್ತಿದ್ದಾಗ.