ಹಿಂದಿ ಪಾಠಕ್ಕೆ ನಿಂಬೆಹಣ್ಣು

ನಾನು ಚಿಕ್ಕವನಿದ್ದಾಗ ನಮ್ಮ ಅಜ್ಜಿ ಸುಲಭಕ್ಕೆ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿಗೆ ಬೆರಳದ್ದಿ ನೋಡದೆ ಪಾತ್ರೆ ಒಡ್ಡುತ್ತಿರಲಿಲ್ಲ. ಅಪ್ಪನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ. ನಮ್ಮದು ಹೆಂಚಿನ ಕ್ವಾರ್ಟರ್ಸ್. ಪಕ್ಕದ ಮನೆಗೆ ಉತ್ತರದ ಕಡೆಯ ಒಬ್ಬ ಇಂಜಿನಿಯರ್ ಸಂಸಾರ ಸಮೇತ ಬಂದರು. ಅವರ ಹೆಂಡತಿಯನ್ನು ನಾವು ದೀದಿ ಎನ್ನುತ್ತಿದ್ದೆವು. ಸಂಜೆ ಓಣಿಯ ಮಕ್ಕಳಿಗೆಲ್ಲ ಪುಕ್ಕಟೆ ಹಿಂದಿ ಹೇಳಿಕೊಡುತ್ತೇನೆ ಎಂದರು.

ನನಗಂತೂ ಹೋದ ಜೀವ ಬಂದಂತಾಯಿತು. ಶಾಲೆಯಲ್ಲಿ ಆ ವರ್ಷವೇ ಹಿಂದಿ ಶುರುವಾಗಿತ್ತು. ಒಂದಕ್ಷರ ಬಾರದೆ ದಿನಾ ಬೆಂಚಿನ ಮೇಲೆ ನಿಲ್ಲುತ್ತಿದ್ದೆ. ಅಜ್ಜಿಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. "ಪುಕ್ಕಟೆ ಕಲ್ಸೋಕೆ ಅವಳಿಗೇನು ಗ್ರಹಚಾರ?" ಎಂದಳು.

ದೀದಿಯ ಪಾಠದ ಕ್ರಮವೇ ಬೇರೆ. ನಾವು ಮನೆಯಿಂದ ಏನಾದರೊಂದು ಸಾಮಾನು ಒಯ್ಯಬೇಕು. ಅದನ್ನು ಎತ್ತಿ ಹಿಡಿದು ಹೆಸರು ಹೇಳಿಸಿ, ಆಮೇಲೆ ಸ್ಲೇಟಿನಲ್ಲಿ ಬರೆಸುತ್ತಿದ್ದರು. ಈರುಳ್ಳಿ ಕೇಳಿದಾಗ ಅಜ್ಜಿ ಬುಟ್ಟಿಯಿಂದ ತೆಗೆದುಕೊಟ್ಟಳು. ಉಪ್ಪು ಕೇಳಿದಾಗ ಹುಬ್ಬು ಗಂಟಿಕ್ಕಿದಳು. ನಿಂಬೆಹಣ್ಣು ಬೇಕಂತೆ ಎಂದ ಕೂಡಲೇ ಎದ್ದೇ ನಿಂತಳು.

"ಉಪ್ಪಾಯ್ತು, ಈಗ ನಿಂಬೆಹಣ್ಣಾ? ಇದು ಪಾಠ ಅಲ್ಲ ಮಾರಾಯ, ಮಾಟ! ಇವತ್ತಿಂದ ಹೋಗ್ಬೇಡ."

ನಾಳೆ ಮತ್ತೆ ಬೆಂಚೇ ಗತಿ ಎಂದು ನಾನು ಗೋಳೋ ಎಂದು ಅತ್ತೆ. "ನೀನೇ ಹೋಗಿ ನೋಡ್ಕೊಂಡು ಬಾ ಅಜ್ಜಿ" ಎಂದಳು ಅಕ್ಕ. ಅಜ್ಜಿ ನಿಂಬೆಹಣ್ಣನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ನನ್ನ ಕೈ ಹಿಡಿದು ಹೊರಟಳು.

ಆ ಮನೆಯಲ್ಲಿ ಸಾಸಿವೆ ಎಣ್ಣೆಯ ಘಾಟು. ಅಜ್ಜಿ ಬಾಗಿಲ ಬಳಿಯೇ ಕೂತು ದೀದಿಯ ಕೈಗಳ ಮೇಲೆ ಕಣ್ಣಿಟ್ಟಳು. ಅಜ್ಜಿ ಗಂಟು ಬಿಚ್ಚಿ ಕೊಟ್ಟ ಹಣ್ಣನ್ನು ದೀದಿ ಎತ್ತಿ "ನೀಂಬೂ" ಎಂದರು. ನಾವೆಲ್ಲ ಓಣಿಗೆ ಕೇಳುವಂತೆ ಕೂಗಿದೆವು. ಬರೆದದ್ದು ಮುಗಿದ ಮೇಲೆ ಅದನ್ನೇ ಹಿಂಡಿ, ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಷರಬತ್ತು ಮಾಡಿದರು. ಮೊದಲ ಲೋಟ ಅಜ್ಜಿಗೆ ಬಂತು.

ಅಜ್ಜಿ ಅದನ್ನು ಅವರತ್ತಲೇ ತಳ್ಳಿದಳು. "ಮೊದ್ಲು ನೀನು ಕುಡಿ ತಾಯಿ."

ಕನ್ನಡ ಸರಿಯಾಗಿ ಬಾರದಿದ್ದರೂ ದೀದಿಗೆ ಅರ್ಥವಾಯಿತು. ಮುಖ ಚಿಕ್ಕದಾಯಿತು. ಆದರೂ ತುಟಿಗೆ ತಾಗಿಸದಂತೆ ಎತ್ತಿ ಅರ್ಧ ಕುಡಿದು, ಉಳಿದದ್ದನ್ನು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಅವರ ಮುಖವನ್ನೇ ನೋಡುತ್ತಾ ಕೊನೆಯ ಹನಿವರೆಗೂ ಕುಡಿದಳು. ಹೊರಗೆ ಬಂದ ಮೇಲೆ ಹೇಳಿದಳು: "ನಾಳೆನೂ ಹೋಗು. ಕೂದ್ಲು ಗೀದ್ಲು ಕೇಳಿದ್ರೆ ಮಾತ್ರ ಓಡಿ ಬಾ."

ಈಗ ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲಿ, ಮಕ್ಕಳೇ, ನೀವು ಫೋನಿನಲ್ಲಿ ಹಿಂದಿ ಕಲಿಯುತ್ತೀರಿ, ಅದೂ ಪುಕ್ಕಟೆ. ಆ ಫೋನೂ ದೀದಿಯಂತೆ ಒಂದೊಂದೇ ಕೇಳುತ್ತದೆ: ನಿಮ್ಮ ಫೋಟೋ ನೋಡಲೇ, ನಿಮ್ಮ ಮಾತು ಕೇಳಿಸಿಕೊಳ್ಳಲೇ, ನೀವು ಎಲ್ಲಿದ್ದೀರಿ? ನೀವು ಓದದೆಯೇ ಹೂಂ ಎಂದು ಒತ್ತುತ್ತೀರಿ. ನನಗೆ ಅಜ್ಜಿಯದೇ ಗುಮಾನಿ. ಅವಳಿಗೆ ನೋಡಲು ದೀದಿಯ ಮುಖವಾದರೂ ಇತ್ತು. "ಮೊದ್ಲು ನೀನು ಕುಡಿ" ಎಂದು ನಾನು ಯಾರ ಮುಖ ನೋಡಿ ಹೇಳಲಿ?