ಬೇಸ್‌ಬಾಲ್ ಭದ್ರಣ್ಣ

ಭದ್ರಣ್ಣ ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಎಲ್ಲಿ ಹೋದರೂ ಕುಕ್ಕರಗಾಲಿನಲ್ಲೇ ಕೂರುತ್ತಿದ್ದರು. ಚೆನ್ನೈನ ಕೋಯಂಬೇಡು ಮಾರುಕಟ್ಟೆಯ ತಮ್ಮ ಈರುಳ್ಳಿ ಮಂಡಿಯಲ್ಲಿ ಮೂಟೆಗಳ ಎದುರು ಹಾಗೆ, ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಹಾಗೆ, ಮದುವೆ ಮಂಟಪದಲ್ಲಿ ರೇಷ್ಮೆ ಪಂಚೆ ಮೇಲಕ್ಕೆತ್ತಿಕೊಂಡು ಹಾಗೆ. ಅರವತ್ತು ದಾಟಿದ, ಹಣೆ ತುಂಬ ವಿಭೂತಿ ಬಳಿದುಕೊಂಡ, ಹೊಟ್ಟೆ ಮುಂದೆ ಬಂದ ಮನುಷ್ಯ ಅಷ್ಟು ಹೊತ್ತು ಹೇಗೆ ಹಾಗೆ ಕೂರುತ್ತಾರೆ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನಾ ಕ್ಯಾಚರ್ ತಂಗಿ. ಕ್ಯಾಚರ್ ಆದಾಂವ ಹಿಂಗ ಕುಂದರಬೇಕು," ಎಂದರು.

ಕ್ರಿಕೆಟ್ಟಾ ಎಂದೆ. ಆ ಮಾತು ಆಡಬಾರದಿತ್ತು. ಅವರ ಮುಖ ಹುಳಿ ಮಜ್ಜಿಗೆ ಕುಡಿದವರ ಹಾಗಾಯಿತು. ಆಮೇಲೆ ಬ್ಯಾಂಕಿಗೆ ಹೊರಟು ನಿಂತಿದ್ದ ನನ್ನನ್ನು ಮೆಟ್ಟಿಲ ಬಳಿಯೇ ನಿಲ್ಲಿಸಿಕೊಂಡು ಬೇಸ್‌ಬಾಲ್ ಎಂಬ ಆಟದ ಪಾಠ ಮಾಡಿದರು.

ಅವರು ಗದಗಿನ ಕಡೆಯವರು. ಧಾರವಾಡದಲ್ಲಿ ಓದುತ್ತಿದ್ದಾಗ ಕಾಲೇಜಿನ ಆಟದ ಮೇಷ್ಟ್ರು ಎಲ್ಲಿಂದಲೋ ಒಂದು ಚೀಲ ಗ್ಲೌಸು ತಂದು, ಕ್ರಿಕೆಟ್ ತಂಡಕ್ಕೆ ಬೇಡವಾದ ಹುಡುಗರನ್ನೆಲ್ಲ ಸೇರಿಸಿ ಬೇಸ್‌ಬಾಲ್ ತಂಡ ಕಟ್ಟಿದರಂತೆ. ಬೇರೆ ಕಾಲೇಜುಗಳಲ್ಲಿ ತಂಡವೇ ಇಲ್ಲದ್ದರಿಂದ ಇವರು ಯೂನಿವರ್ಸಿಟಿಗೂ ಆಡಿಬಿಟ್ಟರು. ಚೆಂಡು ಹೊಡೆಯುವವನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಎಸೆದ ಚೆಂಡನ್ನು ಹಿಡಿಯುವವನು ಕ್ಯಾಚರ್. ಹೊಡೆದವನು ಬಯಲಿನ ಮೂರು ಮೂಲೆ ಮುಟ್ಟಿ ಹೊರಟ ಜಾಗಕ್ಕೇ ಓಡಿ ಬಂದರೆ ಒಂದು ರನ್. ಮದುವೆಯಾಗಿ ಮಾವನ ಮಂಡಿ ನೋಡಿಕೊಳ್ಳಲು ಚೆನ್ನೈಗೆ ಬಂದರು, ಈರುಳ್ಳಿಯಲ್ಲೇ ತಲೆ ಬೆಳ್ಳಗಾಯಿತು. ಭಾಷೆಗೂ ಇಲ್ಲಿನ ಗಾಳಿ ತಾಗಿತು. ತಡೀರಿ ಎನ್ನುವ ಬದಲು ತಮಿಳಿನ ಪೊರುವಿಗೆ ತಮ್ಮೂರಿನ ರೀ ಅಂಟಿಸಿ "ಪೊರುರೀ" ಎನ್ನುತ್ತಿದ್ದರು. ಲಾರಿಯವರಿಗೂ ಪೊರುರೀ, ಹೆಂಡತಿ ಗಿರಿಜಕ್ಕನಿಗೂ ಪೊರುರೀ.

ಈ ದೇಶದಲ್ಲಿ ಬೇಸ್‌ಬಾಲ್ ಪ್ರೇಮಿಯೊಬ್ಬನಿಗೆ ಜಗಳಕ್ಕೆ ಜೊತೆ ಸಿಗುವುದು ಕಷ್ಟ. ಭದ್ರಣ್ಣನಿಗೆ ಸಿಕ್ಕಿದ್ದರು. ನಮ್ಮ ಹಿಂದಿನ ಬೀದಿಯ ಮರಿಯದಾಸ್, ಎಣ್ಣೂರಿನ ಕಡಲ ದಡದ ಮೀನುಗಾರರ ಕುಪ್ಪದಲ್ಲಿ ಹುಟ್ಟಿ, ಅಲ್ಲಿಯ ವಿದ್ಯುತ್ ಸ್ಥಾವರದಲ್ಲಿ ದುಡಿದು ನಿವೃತ್ತರಾದವರು. ಕಡ್ಡಿಯಂಥ ಆಳು, ಫುಟ್‌ಬಾಲ್ ಹುಚ್ಚ. ಅಪಾರ್ಟ್‌ಮೆಂಟಿನ ಹಿಂದೆ ಜಾಲಿ ಗಿಡ ಸುತ್ತುವರಿದ ಒಂದು ಬಯಲಿತ್ತು. ಸಂಜೆ ಅಲ್ಲಿ ಮರಿಯದಾಸ್ ಬಡಾವಣೆಯ ಮಕ್ಕಳಿಗೆಲ್ಲ ಫುಟ್‌ಬಾಲ್ ಕಲಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಭದ್ರಣ್ಣನ ಬೇಸ್‌ಬಾಲ್. ಅವರ ತಂಡವೆಂದರೆ ಶೋಳಿಂಗನಲ್ಲೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಅಮೆರಿಕದ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಈ ಆಟದ ರುಚಿ ಹತ್ತಿಸಿಕೊಂಡ ಕೆಲವು ಎಂಜಿನಿಯರುಗಳು, ಕಮ್ಮಿ ಬಿದ್ದರೆ ಮಂಡಿಯ ಹಮಾಲರು. ಅವರೂ ಸಿಗದ ದಿನ ನನ್ನನ್ನೂ ದೂರದ ಮೂಲೆಯಲ್ಲಿ ನಿಲ್ಲಿಸಿದ್ದುಂಟು. ಬಿಸಿಲಿಗೆ ನಾನು ಛತ್ರಿ ಬಿಚ್ಚಿಕೊಂಡೇ ನಿಂತಿದ್ದೆ. ಚೆಂಡು ನನ್ನ ಪಕ್ಕದಲ್ಲೇ ಹಾದುಹೋದಾಗ ಬದಿಗೆ ಸರಿದು ದಾರಿ ಬಿಟ್ಟೆ. ಭದ್ರಣ್ಣ ಆ ವಾರವೆಲ್ಲ ನನ್ನ ಜೊತೆ ಮಾತು ಬಿಟ್ಟರು.

ಬಯಲಿನ ಮೋಟುಗೋಡೆಯ ಮೇಲೆ ದಿನಾ ಇಬ್ಬರ ವಾದ. ಮರಿಯದಾಸ್ ತಮಿಳಿನಲ್ಲಿ, ಭದ್ರಣ್ಣ ತಮಿಳಿನಲ್ಲಿ ಶುರು ಮಾಡಿ ರೇಗುತ್ತಿದ್ದಂತೆ ಗದಗಿನ ಕನ್ನಡದಲ್ಲಿ. ವರ್ಷಗಟ್ಟಲೆ ಜಗಳವಾಡಿ ಇಬ್ಬರಿಗೂ ಇನ್ನೊಬ್ಬರ ಭಾಷೆ ಪೂರ್ತಿ ತಿಳಿಯುತ್ತಿತ್ತು. ಮರಿಯದಾಸರ ತಮಿಳನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅದೂ ಒಂದು ಆಟವಾ ಸಾರ್? ಒಬ್ಬ ಎಸೀತಾನೆ, ಒಬ್ಬ ಬೀಸ್ತಾನೆ, ಮಿಕ್ಕವರು ನಿಂತು ಮೈ ಕೆರ್ಕೋತಾರೆ. ನಮ್ಮದರಲ್ಲಿ ಯಾರೂ ಸರದಿ ಕಾಯೋ ಹಾಗಿಲ್ಲ. ಒಂದು ಚೆಂಡು ಸಾಕು, ಬೂಟೂ ಬೇಡ. ನಿಮ್ಮ ಗ್ಲೌಸು ಈ ಮಕ್ಕಳಿಗೆ ಯಾರು ತಂದುಕೊಡ್ತಾರೆ?"

"ಪೊರುರೀ. ನಿಮ್ಮ ಆಟದಾಗ ಮುಂದಿದ್ದ ಟೀಮಿನಾಂವ ನೆಲಕ್ಕ ಬಿದ್ದು ಹೊರಳಾಡಿ ಟೈಮ್ ಕಳೀತಾನ. ನಮ್ಮದ್ರಾಗ ಗಡಿಯಾರನ ಇಲ್ಲ. ನಾವು ಎಷ್ಟ ಮುಂದಿದ್ರೂ ಎದುರಿನವಂಗ ಚೆಂಡು ಒಗೀಲೇಬೇಕು, ಹೊಡಿಯಪ್ಪಾ ಅಂತ ಅವಕಾಶ ಕೊಡಲೇಬೇಕು. ಕಡೀ ಮನಿಷ್ಯಾ ಔಟ್ ಆಗೂತನಕ ಯಾರೂ ಸೋತಿಲ್ಲ."

"ಗಡಿಯಾರ ಇಲ್ಲದ ಆಟ ಶಿಫ್ಟಿಗೆ ಹೋಗಬೇಕಾಗಿಲ್ಲದವರ ಆಟ. ನಾವು ಎಣ್ಣೂರಲ್ಲಿ ಬೂದಿ ಬಿದ್ದ ಮರಳಿನ ಮೇಲೆ ಆಡ್ತಿದ್ವಿ. ಸೈರನ್ ಕೂಗೋದರೊಳಗೆ ಗೋಲು ಹೊಡೆದು ಕೆಲಸಕ್ಕೆ ಓಡಬೇಕಿತ್ತು."

"ಗೋಲು ಅಂದ್ರೇನ್ರೀ? ಮಂದಿ ಮನ್ಯಾಗ ಚೆಂಡು ಹೊಗಸೂದು. ನಮ್ಮ ಆಟದಾಗ ಊರೆಲ್ಲಾ ಸುತ್ತಿ ತನ್ನ ಮನೀಗೆ ತಾ ಬಂದು ಮುಟ್ಟೂದು. ಹೋಮ್ ಅಂತಾರ ಅದಕ್ಕ. ಯಾವುದು ಮರ್ಯಾದಸ್ಥರ ಆಟ, ನೀವ ಹೇಳ್ರಿ."

ಅವರ ಈ ಮಾತು ನನ್ನನ್ನು ಎಲ್ಲೋ ತಾಕುತ್ತಿತ್ತು. ಗದಗಿನ ಮನೆಯಲ್ಲಿ ಅವರ ಪಾಲಿಗೆ ಏನೂ ಉಳಿದಿರಲಿಲ್ಲ, ಇಲ್ಲಿ ಮಗಳು ಅವರ ಕನ್ನಡಕ್ಕೆ ತಮಿಳಿನಲ್ಲೇ ಉತ್ತರ ಕೊಟ್ಟು ಬೆಳೆದು ಮದುವೆಯಾಗಿ ಹೋಗಿದ್ದಳು. ಬಟ್ಟೆಯ ಚೀಲದಲ್ಲಿ ಮರಳು ತುಂಬಿ ಅವರೇ ಹೊಲಿದ ಹೋಮ್ ಎಂಬ ಗುರುತು ಆ ಬಯಲಿನಲ್ಲಿತ್ತು. ಅದನ್ನು ಕಾಲಿನಿಂದ ಮುಟ್ಟಲು ಅವರು ಆ ಹೊಟ್ಟೆ ಹೊತ್ತುಕೊಂಡು ಓಡಿ ಬರುವಾಗ ನಗು ಬರುತ್ತಿತ್ತು, ಕೂಡಲೇ ಪಾಪ ಎನಿಸುತ್ತಿತ್ತು.

ಬಯಲು ಯಾರದು ಎಂದು ಯಾರೂ ಯೋಚಿಸಿರಲಿಲ್ಲ. ಒಂದು ದಿನ ಅಳತೆಯವರು ಬಂದರು. ಮಾರುಕಟ್ಟೆಗೆ ಬರುವ ಲಾರಿ ನಿಲ್ಲಿಸಲು ಜಾಗ ಹುಡುಕುತ್ತಿದ್ದ ಕಂಟ್ರಾಕ್ಟರನೊಬ್ಬ ಕಳಿಸಿದವರು. ವಿಚಾರಿಸಿದರೆ, ಜಾಗ ಊರಿನ ಇನ್ನೊಂದು ತುದಿಯಲ್ಲಿದ್ದ ರಾಜಮ್ಮಾಳ್ ಎಂಬ ವೃದ್ಧೆಯದು. ಆಕೆಯ ಮಗನಿಗೆ ಲಾರಿಯವರಿಗೆ ಕೊಡುವ ಆತುರ, ಆಕೆಗೆ ಗಂಡನ ಹೆಸರಿನಲ್ಲಿ ಮಕ್ಕಳ ಆಟಕ್ಕೆ ಬಿಡುವ ಆಸೆ. ಆಕೆಯ ವಕೀಲರು ಒಂದೇ ಷರತ್ತು ಹಾಕಿದ್ದರು. ನಾಳೆ ಏನಾದರೂ ತಕರಾರು ಬಂದರೆ ಕೇಳಲು ಒಂದು ಕ್ಲಬ್ಬಿರಬೇಕು, ಕ್ಲಬ್ಬಿಗೆ ಒಂದು ಆಟದ ಹೆಸರಿರಬೇಕು. ಬಂದು ಮಾತಾಡಿ ಎಂದು ಆಕೆಯೇ ಇಬ್ಬರಿಗೂ ಹೇಳಿ ಕಳಿಸಿದರು.

ಬ್ಯಾಂಕಿನವಳು ಜೊತೆಗಿದ್ದರೆ ಗೌರವವೆಂದು ನನ್ನನ್ನೂ ಕರೆದುಕೊಂಡು ಹೋದರು. ಆಟೋದಲ್ಲಿ ಇಬ್ಬರ ನಡುವೆ ಸಿಕ್ಕಿಕೊಂಡು ಕೂತ ನಾನು ದಾರಿಯುದ್ದಕ್ಕೂ ಒಂದೇ ಮಾತು ಹೇಳಿದೆ. "ಯಾವುದೋ ಒಂದು ಹೆಸರು ಹೇಳಿ. ಬರೆಯೋದು ಒಂದು, ಆಡೋದು ಎರಡು. ಯಾರು ಬಂದು ನೋಡ್ತಾರೆ?" ಇಬ್ಬರೂ ತಲೆಯಾಡಿಸಿದರು. ಭದ್ರಣ್ಣ ದೊಡ್ಡ ಮನಸ್ಸು ಮಾಡಿ, "ಫುಟ್‌ಬಾಲ್ ಅಂತನ ಬರಸೂಣು, ಮಂದಿಗೆ ಗೊತ್ತಿರೂ ಹೆಸರು," ಎಂದರು. ನನಗೆ ಜೀವ ಬಂದಂತಾಯಿತು.

ರಾಜಮ್ಮಾಳ್ ಕಾಫಿ ತರಿಸಿದರು. ಭದ್ರಣ್ಣ ಸೋಫಾದ ತುದಿಯಲ್ಲಿ ಕಷ್ಟಪಟ್ಟು ಕೂತರು. ಯಾವ ಆಟ ಎಂದು ಆಕೆ ಕೇಳಿದರು. ಫುಟ್‌ಬಾಲ್ ಎಂದರು ಮರಿಯದಾಸ್. ಒಳ್ಳೆಯದು ಎಂದರು ಆಕೆ. ಅಲ್ಲಿಗೆ ಕೆಲಸ ಮುಗಿದಿತ್ತು. ಎದ್ದು ಕೈಮುಗಿದು ಬರಬಹುದಿತ್ತು. ಆದರೆ ಮರಿಯದಾಸರ ನಾಲಿಗೆ ಸುಮ್ಮನಿರಬೇಕಲ್ಲ.

"ಅದೇ ಅಮ್ಮ ದೊಡ್ಡ ಆಟ. ಮಿಕ್ಕದ್ದೆಲ್ಲ ಸುಮ್ಮನೆ ನಿಂತುಕೊಂಡು ಆಡೋದು."

ನಾನು ಭದ್ರಣ್ಣನ ಕಾಲು ತುಳಿದೆ. ಅವರು ಕಾಲು ಎಳೆದುಕೊಂಡು "ಪೊರುರೀ" ಎಂದರು. ಮುಂದೆ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಗಡಿಯಾರ ಬಂತು, ಗ್ಲೌಸು ಬಂತು, ಹೊರಳಾಟ ಬಂತು, ಶಿಫ್ಟು ಬಂತು. ಭದ್ರಣ್ಣ ಸೋಫಾದಿಂದಿಳಿದು ಆಕೆಯ ಕಾರ್ಪೆಟ್ಟಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕ್ಯಾಚರ್ ಹೇಗೆ ಕೂರುತ್ತಾನೆಂದು ತೋರಿಸಿದರು. ಮಾತು ಪೂರ್ತಿ ಗದಗಿನ ಕನ್ನಡಕ್ಕೆ ತಿರುಗಿದಾಗ ರಾಜಮ್ಮಾಳ್ ಇವರೇನು ಹೇಳುತ್ತಿದ್ದಾರೆಂದು ನನ್ನನ್ನು ಕೇಳಿದರು. ಫುಟ್‌ಬಾಲ್ ಆದರೂ ಪರವಾಗಿಲ್ಲ ಎನ್ನುತ್ತಿದ್ದಾರೆ ಎಂದೆ. "ಹಂಗ ಎಲ್ಲಿ ಅಂದೆ ನಾನು?" ಎಂದು ಭದ್ರಣ್ಣ ನನ್ನ ಮೇಲೇ ತಿರುಗಿದರು.

ಆಕೆ ತಾಳ್ಮೆಯಿಂದ ಕೇಳಿದರು. ಕೊನೆಗೆ, "ನನಗೆ ವಯಸ್ಸಾಗಿದೆ. ಜಗಳದವರ ಕೈಗೆ ಜಾಗ ಕೊಟ್ಟು ಹೋದರೆ ನನ್ನ ಮಗ ಅದನ್ನೇ ನೆಪ ಮಾಡ್ತಾನೆ. ಇಬ್ಬರೂ ಒಂದು ಮಾತಿಗೆ ಬನ್ನಿ. ಪೊಂಗಲ್ ಕಳೆದ ಮೇಲೆ ಸಹಿ ಹಾಕ್ತೀನಿ," ಎಂದರು.

ಅವರು ಒಂದು ಮಾತಿಗೆ ಬರಲಿಲ್ಲ. ಮರಿಯದಾಸ್ ಬೇಸ್‌ಬಾಲೂ ಆಟವೇ ಎಂದು ಒಪ್ಪಲಿ, ನಾ ಫುಟ್‌ಬಾಲ್ ಅಂತ ಬರೆಸುತ್ತೇನೆ ಎಂದು ಇವರು. ಒಪ್ಪಿದರೆ ಸುಳ್ಳು ಹೇಳಿದ ಹಾಗಾಗುತ್ತದೆ ಎಂದು ಅವರು. ನಾನು ಇಬ್ಬರ ಮನೆಗೂ ಹೋಗಿ ಬೈದೆ, ಗಿರಿಜಕ್ಕ ಅತ್ತರು. ಪೊಂಗಲ್ ಹಿಂದಿನ ವಾರ ರಾಜಮ್ಮಾಳ್ ಹಾಸಿಗೆ ಹಿಡಿದರು, ಹಬ್ಬ ಕಳೆಯುವಷ್ಟರಲ್ಲಿ ತೀರಿಹೋದರು. ಮಗ ಜಾಗವನ್ನು ಲಾರಿಯವರಿಗೆ ಕೊಟ್ಟ. ಯಂತ್ರ ಬಂದು ಜಾಲಿ ಗಿಡಗಳನ್ನು ಕಿತ್ತು, ನೆಲಕ್ಕೆ ಜಲ್ಲಿ ಹಾಸಿತು. ಮರಳಿನ ಚೀಲ ಯಾವ ಗಾಲಿಯ ಕೆಳಗೆ ಹೋಯಿತೋ.

ಮಕ್ಕಳು ಕೆಲವು ದಿನ ಬೀದಿಯಲ್ಲಿ ಆಡಿದರು, ಕಾರುಗಳಿಗೆ ಚೆಂಡು ತಗುಲಿ ಬೈಸಿಕೊಂಡು ಬಿಟ್ಟರು. ಶೋಳಿಂಗನಲ್ಲೂರಿನವರು ಬರುವುದು ನಿಂತಿತು. ಭದ್ರಣ್ಣ, ಮರಿಯದಾಸ್ ಇಬ್ಬರು ಮಾತ್ರ ಸಂಜೆ ನಮ್ಮ ಗೇಟಿನ ಕಟ್ಟೆಗೆ ಬಂದು ಕೂರುತ್ತಿದ್ದರು. ಮೊದಮೊದಲು ತಪ್ಪು ಯಾರದೆಂದು ಜಗಳ ಬಂದೀತೆಂದು ನಾನು ಹೆದರಿದ್ದೆ. ಆ ಜಗಳವಾದರೂ ಬಂದಿದ್ದರೆ ಚೆನ್ನಾಗಿತ್ತು. ಮರಿಯದಾಸ್ ಪೇಪರು ಓದುತ್ತಿದ್ದರು, ಭದ್ರಣ್ಣ ಲಾರಿ ನೋಡುತ್ತಿದ್ದರು. ಒಂದು ದಿನ ನಾನು ಹಾದುಹೋಗುವಾಗ, "ಆ ದಿನ ನಾ ಬಾಯಿ ಮುಚಗೊಂಡು ಕಾಫಿ ಕುಡದು ಬಂದಿದ್ರ ಆಗ್ತಿತ್ತಲ್ಲ ತಂಗಿ," ಎಂದರು. ಹೌದು ಭದ್ರಣ್ಣ ಎಂದೆ. ಸಮಾಧಾನ ಹೇಳುವ ಮನಸ್ಸು ನನಗಿರಲಿಲ್ಲ. ಇಬ್ಬರ ಮೇಲಿನ ಕೋಪ ನನಗಿನ್ನೂ ಇಳಿದಿಲ್ಲ.

ಆಮೇಲೆ ಅವರು ಮಂಡಿಗೆ ಹೋಗುವುದು ಬಿಟ್ಟರು. ಎದೆ ಹಿಡಿದುಕೊಂಡಿತೆಂದು ಆಸ್ಪತ್ರೆಗೆ ಸೇರಿಸಿ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಒಂದು ಮಧ್ಯಾಹ್ನ ಮರಿಯದಾಸ್ ಬಂದು ನನ್ನ ಬಾಗಿಲು ತಟ್ಟಿದರು. ಒಬ್ಬನೇ ಹೋಗಲು ಧೈರ್ಯವಿಲ್ಲ, ಬಾಮ್ಮ ಎಂದರು. ನಾನು ಭದ್ರಣ್ಣನನ್ನು ಕಡೆಯ ಸಲ ನೋಡಿದ್ದು ಆವತ್ತು. ಅದೇ ತಿಂಗಳು ಅವರು ಹೋದರು.

ಕಿಟಕಿಯ ಪಕ್ಕ ಮಲಗಿದ್ದರು, ಸೊರಗಿದ್ದರು. ಗಿರಿಜಕ್ಕ ಕುರ್ಚಿ ಎಳೆದುಕೊಟ್ಟರು. ಮರಿಯದಾಸ್ ಕೂತವರೇ ಗಂಟಲು ಸರಿಮಾಡಿಕೊಂಡು, ಬೇಕೆಂದೇ ಶುರು ಮಾಡಿದರು.

"ಏನು ಸಾರ್, ನಿನ್ನೆ ಟೀವಿಯಲ್ಲಿ ನಿಮ್ಮ ಆಟ ನೋಡಿದೆ. ನೋಡ್ತಾ ನೋಡ್ತಾ ನಿದ್ದೆ ಬಂತು. ಫುಟ್‌ಬಾಲ್ ಮುಂದೆ ಅದು ಯಾವ ಲೆಕ್ಕ?"

ನಾನು ಪೊರುರೀ ಎಂಬ ಮಾತಿಗೆ ಕಾದೆ.

"ಹೌದ್ರೀ, ನಿಮ್ಮ ಆಟನ ಚಲೋ," ಎಂದರು ಭದ್ರಣ್ಣ.

ಮರಿಯದಾಸ್ ನನ್ನ ಮುಖ ನೋಡಿದರು. ಆಮೇಲೆ ಕುರ್ಚಿಯನ್ನು ಮಂಚಕ್ಕೆ ಒತ್ತಿಕೊಂಡು ಮಾತಾಡತೊಡಗಿದರು. ಇಲ್ಲ ಸಾರ್, ನಿಮ್ಮದರಲ್ಲಿ ಗಡಿಯಾರ ಇಲ್ಲ. ಎಷ್ಟು ಮುಂದಿದ್ದರೂ ಎದುರಿನವನಿಗೆ ಚೆಂಡು ಎಸೆಯಲೇಬೇಕು. ಕಡೆಯವನು ಔಟಾಗುವವರೆಗೆ ಯಾರೂ ಸೋತಿಲ್ಲ. ಊರೆಲ್ಲ ಸುತ್ತಿ ತನ್ನ ಮನೆಗೆ ತಾನು ಬರಬೇಕು. ನಮ್ಮದರಲ್ಲಿ ಅದೆಲ್ಲಿದೆ, ಸಾರ್? ಇಷ್ಟು ವರ್ಷ ಅಡ್ಡಬಾಯಿ ಹಾಕುತ್ತಲೇ ಇದ್ದ ಮನುಷ್ಯ ಭದ್ರಣ್ಣನ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದರು. ನನಗೆ ತಡೆಯಲಾಗದೆ ಅಳು ಬಂತು.

ಭದ್ರಣ್ಣ ಎಲ್ಲವನ್ನೂ ಮೊದಲ ಸಲ ಕೇಳುವವರ ಹಾಗೆ ಕೇಳಿದರು. ಹೊರಗೆ ಬಯಲಿದ್ದ ಜಾಗದಲ್ಲಿ ಲಾರಿಯೊಂದು ಹಿಂದಕ್ಕೆ ಸರಿದು ನಿಲ್ಲುವುದನ್ನು ಕಿಟಕಿಯಿಂದ ನೋಡಿದರು.

"ಬರೋಬ್ಬರಿ ಅದ ನೀವು ಹೇಳೂದು. ಆದ್ರ ಎಲ್ಲಿ ಆಡೂದ್ರೀ?" ಎಂದು ಕೇಳಿ, ಮರಿಯದಾಸ್ ಏನಾದರೂ ಹೇಳುತ್ತಾರೇನೋ ಎಂದು ಅವರ ಮುಖವನ್ನೇ ನೋಡುತ್ತಾ ಮಲಗಿದ್ದರು.