ಕುಪ್ಪೇಲೂರಿನಲ್ಲೇ ಉಳಿದ ನೀಲವ್ವ

ಬ್ಯಾಡಗಿಯಲ್ಲಿ ಬಸ್ಸಿನಿಂದ ಇಳಿದವಳು ಒಂದೇ ಸಮನೆ ಹನ್ನೊಂದು ಸಲ ಸೀನಿದೆ. ನಿಮ್ಮ ಶೈಲಾ ಅತ್ತೆ ಕೂಸನ್ನು ಎತ್ತಿಕೊಂಡು ನಗುತ್ತ ಎಣಿಸಿದಳು. ಈ ಊರಿನ ಗಾಳಿಯೇ ಮೆಣಸಿನಕಾಯಿ. ಕಿಟಕಿಯ ಸರಳಿನ ಮೇಲೆ, ಒಗೆದು ಹಾಕಿದ ಸೀರೆಯ ಮಡಿಕೆಯಲ್ಲಿ, ನೀರು ಕುಡಿಯುವ ಲೋಟದ ಅಂಚಿನಲ್ಲಿ ಕೆಂಪು ಪುಡಿ. ಮೂರನೆಯ ದಿನ ಬೆಳಿಗ್ಗೆ ಎದ್ದು ಕಣ್ಣುಜ್ಜಿಕೊಂಡೆ, ನೀರು ನಿಲ್ಲಲೇ ಇಲ್ಲ. ಊರು ನೆನಸಿಕೊಂಡು ಅಳುತ್ತಿದ್ದಾಳೆ ಎಂದು ಅಳಿಯ ಪಕ್ಕದ ಮನೆಯವರಿಗೆ ಹೇಳಿದನಂತೆ. ಎರಡೂ ಇತ್ತು.

ಬಸು, ಸವಿತಾ, ನೀವು ಫೋನಿನಲ್ಲಿ ಪ್ರತಿ ಸಲ ಕೇಳುತ್ತೀರಿ, “ಅಜ್ಜಿ, ಯಾವಾಗ ಬರ್ತಿ?” ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ. “ಬರ್ತೀನಿ, ಉಂಡ್ರೇನು” ಅಂದರೆ ಮುಗಿಯಿತು. ಅದಕ್ಕೆ ಬರೆಯುತ್ತಿದ್ದೇನೆ. ಈಗ ತಿಳಿಯದಿದ್ದರೆ ಇಟ್ಟುಕೊಳ್ಳಿ, ದೊಡ್ಡವರಾದ ಮೇಲೆ ಓದಿರಿ.

ಬಂದದ್ದು ಮೂರು ತಿಂಗಳಿಗೆ. ಶೈಲಾ ಬಾಣಂತನ ಮುಗಿಸಿ ಸಾಲಿಗೆ ಕಲಿಸಲು ಹೋಗಬೇಕು, ಕೂಸನ್ನು ನೋಡಿಕೊಳ್ಳಲು ಅವಳಿಗೆ ಅತ್ತೆಯಿಲ್ಲ. ಈಗ ಹತ್ತು ತಿಂಗಳಾಯಿತು. ಹೊರಡುವಾಗ ರಾಣೆಬೆನ್ನೂರಿನಿಂದ ನನ್ನ ಬೋರ್ಡಿಂಗ್ ಗೆಳತಿ ಕಸ್ತೂರಿ ಬಂದು ಕೈ ಹಿಡಿದುಕೊಂಡು, “ಬ್ಯಾಡಗಿ ಬ್ಯಾಡವ್ವ ನೀಲಾ, ಆ ಘಾಟಿಗೆ ನಿನಗ ಉಸಿರು ಕಟ್ಟತೈತಿ. ಕೂಸಿನ್ನ ನಿಮ್ಮೂರಿಗೇ ತರಿಸ್ಕೋ” ಅಂದಿದ್ದಳು. ಎಷ್ಟು ಪ್ರೀತಿ ಅಂದುಕೊಂಡೆ.

ನಮ್ಮ ಕುಪ್ಪೇಲೂರಲ್ಲಿ ಬೆಳಿಗ್ಗೆ ತೆಗೆದ ಬಾಗಿಲು ಮಲಗುವಾಗಲೇ ಮುಚ್ಚುವುದು. ಇಲ್ಲಿ ಬಾಡಿಗೆ ಮನೆ, ಎರಡು ಖೋಲಿ, ಮುಂದೆ ಒಂದು ಮಾರು ಅಂಗಳ. ಹಿತ್ತಲಿಲ್ಲ. ಮುಸುರೆ ಯಾರಿಗೆ ಇಡುವುದು ತಿಳಿಯದೆ ಮೊದಲ ವಾರ ಬಕೆಟ್ ಹಿಡಿದುಕೊಂಡು ರಸ್ತೆಯಲ್ಲಿ ಎಮ್ಮೆ ಹುಡುಕುತ್ತ ನಿಂತಿದ್ದೇನೆ. ಅಲ್ಲಿ ನನ್ನನ್ನು ಇಂಥವರ ಮಗಳು, ಇಂಥವರ ಸೊಸೆ, ಇಂಥವರ ತಾಯಿ ಎಂದು ಎಲ್ಲರೂ ಬಲ್ಲರು. ಇಲ್ಲಿ ಮಗಳ ಮನೆಯಲ್ಲಿ ಉಳಿದ ಮುದುಕಿ ಅಷ್ಟೆ. ಯಾರಾದರೂ “ಗಂಡ್ಮಕ್ಕಳಿಲ್ಲೇನ್ರಿ?” ಎಂದು ಕೇಳಿದರೆ ನಿಮ್ಮ ಅಪ್ಪನ ಹೆಸರು ಹೇಳಿ ತಲೆ ತಗ್ಗಿಸುತ್ತೇನೆ, ಅವನದೇನೂ ತಪ್ಪಿಲ್ಲದಿದ್ದರೂ.

ಮಧ್ಯಾಹ್ನ ಕೂಸು ಮಲಗಿದ ಮೇಲೆ ಎದುರು ಮನೆಯ ಕಟ್ಟೆಗೆ ಹೋಗತೊಡಗಿದೆ. ಅಲ್ಲಿ ಏಳೆಂಟು ಹೆಂಗಸರು ಚೀಲ ಸುರುವಿಕೊಂಡು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾರೆ. ಮೂಗು ಬಾಯಿಗೆ ಬಟ್ಟೆ ಸುತ್ತಿರುತ್ತಾರೆ, ಕಾಣುವುದು ಕಣ್ಣು ಮಾತ್ರ. ನನ್ನಂಥ ನಾಚಿಕೆಯವಳಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಉದ್ದ, ತೆಳುವಾದದ್ದಕ್ಕೆ ಕಡ್ಡಿ ಎನ್ನುತ್ತಾರೆ, ಗಿಡ್ಡ, ದಪ್ಪನಾದದ್ದಕ್ಕೆ ಡಬ್ಬಿ. ತಿಂಗಳೊಳಗೆ ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ಇದು ಕಡ್ಡಿ, ಇದು ಡಬ್ಬಿ ಎನ್ನುವಷ್ಟಾದೆ. ಸೀನು ನಿಂತಿತು. ಈ ಊರಲ್ಲಿ ನಾನು ಗೆದ್ದದ್ದು ಅದೊಂದು.

ಎರಡನೆಯ ತಿಂಗಳು, ಒಂದು ಗುರುವಾರ, ಕಟ್ಟೆಯ ಹತ್ತಿರ ಯಾರೋ ನಿಂತರು. ದಪ್ಪ ಹೆಂಗಸು, ಕೈಯಲ್ಲಿ ಸಂತೆಯ ಚೀಲ.

“ಏ ಎಡಚಿ!”

ಬೋರ್ಡಿಂಗ್ ಬಿಟ್ಟ ಮೇಲೆ ಹೀಗೆ ಬೀದಿಯಲ್ಲಿ ನನ್ನನ್ನು ಯಾರೂ ಕರೆದಿರಲಿಲ್ಲ. ತಲೆ ಎತ್ತಿದೆ.

“ಎಡಗೈಲೆ ತೊಟ್ಟು ಮುರಿಯಾಕಿ ಈ ಜಿಲ್ಲಾದಾಗ ಇನ್ನೊಬ್ಬಾಕಿ ಇರಾಕಿಲ್ಲ. ನೀಲಿ ಹೌದಲ್ಲ ನೀ?”

“ಮುಮ್ತಾಜ?”

“ಯಪ್ಪಾ, ನಾಲ್ಕ ವರ್ಷಾತು ನಿನ್ನ ಮಾರಿ ನೋಡಿ! ಪುಸ್ತಕ ಕೊಡಾಕ ಕಸ್ತೂರೀನ್ನ ಕಳಸ್ತಿ, ನೀ ಬರಂಗಿಲ್ಲ. ದೊಡ್ಡ ಒಕ್ಕಲಗಿತ್ತಿ ಆಗೀದಿ. ಮತ್ತ ನಿಮ್ಮ ಯಜಮಾನ್ರು ಹೆಂಗದಾರ? ಕೊಟಗಿಗೆ ತಗಡು ಹಾಕ್ಸಿದ್ರಂತಲ್ಲ?”

ನಾನು ಮುಖದ ಬಟ್ಟೆ ಬಿಚ್ಚಿದೆ. ಅವಳು ನನ್ನ ಹಣೆ ನೋಡಿದಳು. ವಿಭೂತಿ ಬಿಟ್ಟರೆ ಏನೂ ಇರಲಿಲ್ಲ.

“ಯಾವಾಗ?” ಅಂದಳು.

“ನಾಲ್ಕು ವರ್ಷ ಆತು.”

“ಏನ್ ಮಾತಾಡ್ತಿ? ಹೋದ ತಿಂಗಳಷ್ಟ ಓದೇನಿ ನಾನು. ನೀನ ಬರದೀದಿ.”

ಮಕ್ಕಳೇ, ಈ ಪುಸ್ತಕದ ಸಂಗತಿ ನಿಮಗೆ ಗೊತ್ತಿಲ್ಲ. ಏಳನೆಯ ಇಯತ್ತೆಯವರೆಗೆ ನಾನು ಕಲಿತದ್ದು ಕುಪ್ಪೇಲೂರಿನ ಸಾಲಿಯಲ್ಲಿ. ಆಮೇಲೆ ಮೂರು ವರ್ಷ ಹಾವೇರಿಯ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ. ಒಂದೇ ಕೋಣೆಯಲ್ಲಿ ಏಳು ಜನ ಇದ್ದೆವು. ಬಿಟ್ಟು ಬರುವಾಗ ಒಂದು ಕೆಂಪು ರಟ್ಟಿನ ಪುಸ್ತಕ ಮಾಡಿ ಒಬ್ಬೊಬ್ಬರಿಗೆ ಇಷ್ಟಿಷ್ಟು ಹಾಳೆ ಹಂಚಿದೆವು. ವರ್ಷಕ್ಕೊಮ್ಮೆ, ಸಂಕ್ರಾಂತಿ ಆದ ಮೇಲೆ, ಪುಸ್ತಕ ಏಳೂ ಮನೆ ತಿರುಗಬೇಕು. ಅಂಚೆಗೆ ಹಾಕುವಂತಿಲ್ಲ, ಕೈಯಿಂದ ಕೈಗೆ ಹೋಗಬೇಕು. ಪ್ರತಿಯೊಬ್ಬಳೂ ತನ್ನ ಹಾಳೆಯಲ್ಲಿ ಆ ವರ್ಷದ ಸುದ್ದಿ ಬರೆಯಬೇಕು. ಯಾರಿಗೆ ಮಗು ಆಯಿತು, ಯಾರ ಮನೆ ಕಟ್ಟಿದರು, ಯಾರಿಗೆ ಸಕ್ಕರೆ ರೋಗ ಬಂತು, ಈ ವಯಸ್ಸಿನವರೆಗೆ ಎಲ್ಲ ಅದರಲ್ಲಿತ್ತು. ನಮ್ಮ ಲಗ್ನಗಳಾದ ಮೇಲೆ ಇನ್ನೊಂದು ರೂಢಿ ಸೇರಿಕೊಂಡಿತು. ಪುಸ್ತಕ ತಂದವಳು ತೆಗೆದುಕೊಳ್ಳುವವಳ ಉಡಿ ತುಂಬಬೇಕು. ಸೆರಗಿನಲ್ಲಿ ಅಕ್ಕಿ, ಕಾಯಿ, ಉತ್ತತ್ತಿ, ಕುಬಸದ ಕಣ, ಎಲ್ಲದರ ಮೇಲೆ ಪುಸ್ತಕ. ಮುಮ್ತಾಜಳಿಗೂ ನಾನು ಹಾಗೇ ತುಂಬುತ್ತಿದ್ದೆ. ಅವಳೂ ಸೆರಗು ಒಡ್ಡುತ್ತಿದ್ದಳು.

ಕಸ್ತೂರಿ ನನಗೆ ತರುವವಳು, ನಾನು ಬ್ಯಾಡಗಿಯ ಹತ್ತಿರದ ಹಳ್ಳಿಯಲ್ಲಿರುವ ಮುಮ್ತಾಜಳಿಗೆ ಒಯ್ಯುವವಳು. ನಿಮ್ಮ ಅಜ್ಜ ತೀರಿಕೊಂಡ ವರ್ಷ ಸಂಕ್ರಾಂತಿ ದಾಟಿತು, ಪುಸ್ತಕ ಬರಲಿಲ್ಲ. ಕೇಳಿದ್ದಕ್ಕೆ ಕಸ್ತೂರಿ, “ಅದು ನಿಂತ್ಹೋತವ್ವಾ. ಎಲ್ಲಾರಿಗೂ ಅವರವರ ಸಂಸಾರ” ಅಂದಳು. ಇರಲಿ ಬಿಡು ಅಂದೆ.

ಮುಮ್ತಾಜ ಮರುದಿನವೇ ಪುಸ್ತಕ ತಂದಳು. ಇನ್ನೇನು ಹಾವೇರಿಯ ಗೆಳತಿಗೆ ಒಯ್ಯುವವಳಿದ್ದಳಂತೆ. ನನ್ನ ಹಾಳೆ ತೆಗೆದೆ. ನಾಲ್ಕು ವರ್ಷದ ಸುದ್ದಿ, ಎಡಕ್ಕೆ ವಾಲಿದ ನನ್ನದೇ ಅಕ್ಷರ.

ಆ ಅಕ್ಷರ ಯಾರದೆಂದು ಆ ಕ್ಷಣವೇ ತಿಳಿಯಿತು, ಬ್ಯಾಡಗಿ ಬ್ಯಾಡ ಅಂದದ್ದು ಯಾಕೆಂದೂ. ಬೋರ್ಡಿಂಗಿನಲ್ಲಿ ಒಮ್ಮೆ ನನ್ನ ಎಡಗೈ ಬೆರಳಿಗೆ ಉಗುರುಸುತ್ತು ಆಗಿತ್ತು. ಕಾಗದ ಹೋಗದಿದ್ದರೆ ನನ್ನ ಅವ್ವ ಹೆದರುತ್ತಾಳೆಂದು ಕಸ್ತೂರಿಯೇ ನನ್ನ ಹೆಸರಲ್ಲಿ ಬರೆದಳು. ಹೇಗೆ ವಾಲಿಸಬೇಕೆಂದು ಪಕ್ಕದಲ್ಲಿ ಕೂತು ಕಲಿಸಿದವಳು ನಾನು. ಅವ್ವನಿಗೆ ಗೊತ್ತೇ ಆಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಮೊದಲ ವರ್ಷ: ‘ಹತ್ತಿ ಚೆನ್ನಾಗಿ ಬಂದಿದೆ. ಇವರ ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿದ್ದೇನೆ, ಬೈಯುತ್ತಾರೆ.’ ಎರಡನೆಯದು ಒಂದೇ ಸಾಲು, ಎಲ್ಲರೂ ಆರಾಮ ಎಂದು. ಮೂರನೆಯ ವರ್ಷ: ‘ಕೊಟ್ಟಿಗೆಗೆ ತಗಡು ಹೊದಿಸಿದೆವು. ಮಳೆ ಬಂದರೆ ಆ ಸದ್ದಿಗೆ ಇವರಿಗೆ ನಿದ್ದೆಯಿಲ್ಲ.’ ತಗಡು ಹೊದಿಸಬೇಕೆಂದು ನಿಮ್ಮ ಅಜ್ಜ ಬದುಕಿದ್ದಾಗ ಕಸ್ತೂರಿಯ ಮುಂದೆ ಎಷ್ಟೋ ಸಲ ಹೇಳಿದ್ದರು. ಈ ವರ್ಷದ್ದು ಕೊನೆಯದು: ‘ಶೈಲಾಳಿಗೆ ಹೆಣ್ಣುಮಗು. ಇವರು ಮೊಮ್ಮಗಳನ್ನು ತೊಡೆಯಿಂದ ಇಳಿಸುವುದಿಲ್ಲ.’

ಪುಸ್ತಕ ಮುಚ್ಚಿದೆ. ಎರಡು ದಿನ ಇರಲಿ ಎಂದು ಮುಮ್ತಾಜಳಿಗೆ ಹೇಳಿ ಇಟ್ಟುಕೊಂಡೆ.

ಜೀವನದಲ್ಲಿ ಮೊದಲ ಸಲ ಯಾರನ್ನೂ ಜೊತೆಗೆ ಕರೆಯದೆ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋದೆ. ಕಸ್ತೂರಿಯ ಗಂಡನದು ಬೀಜದ ಅಂಗಡಿ, ಮೇಲೆ ಮನೆ.

“ಬಾರವ್ವ ನೀಲಾ, ಕುಂದ್ರು, ಚಾ ಇಡ್ತೀನಿ” ಎಂದು ಒಳಗೆ ಹೋದಳು. ನಾನು ಕೂರಲಿಲ್ಲ. ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಹೊರಗೆ ಬಂದವಳು ಅದನ್ನು ನೋಡಿ ಬಾಗಿಲಲ್ಲೇ ನಿಂತಳು.

“ಮುಮ್ತಾಜ ಸಿಕ್ಕಳೇನು?”

“ನಿಂತ್ಹೋತು ಅಂದಿದ್ದಿ.”

ಅವಳು ಬಂದು ಪುಸ್ತಕದ ರಟ್ಟು ಸವರಿದಳು. “ಮೊದಲನೇ ವರ್ಷ ನಿಮ್ಮೂರ ತನಕ ಬಂದಿದ್ನೇ. ಚೀಲದಾಗ ಕಾಯಿ, ಅಕ್ಕಿ, ಕಣ ಎಲ್ಲಾ ಇತ್ತು. ಬಸ್ ನಿಲ್ಲೂ ಕಟ್ಟಿ ಮ್ಯಾಲ ಕುಂತೆ. ಉಡಿ ತುಂಬಿದ್ರ ಮಂದಿ ಏನಂತಾರ? ತುಂಬದ ಬರೇ ಪುಸ್ತಕ ಕೊಟ್ರ ನೀ ಎಷ್ಟ ನೊಂದ್ಕೋತಿ? ಅದ ಬಸ್ಸಿಗೆ ಹೊಳ್ಳಿ ಬಂದೆ.”

“ಇವರನ್ನ ಯಾಕ ಜೀವಂತ ಇಟ್ಟಿ?”

“ತೀರ್ಕೊಂಡ್ರು ಅಂತ ಬರದಿದ್ರ ಎಲ್ಲಾರೂ ನನ್ನಂಗ ನಿನ್ನ ಮನಿ ದಾಟಿ ಹೋಗ್ತಿದ್ರು. ನಿನ್ನ ಹೆಸರು ಉಳೀಲಿ ಅಂತ ಬರದೆ.”

“ನನ್ನ ಒಂದ್ ಮಾತು ಕೇಳಬೇಕಿತ್ತು.”

“ಕೇಳಿದ್ರ ಏನಂತಿದ್ದಿ? ‘ಇರ್ಲಿ ಬಿಡವ್ವ’ ಅಂತಿದ್ದಿ. ಹುಟ್ಟಿದಾಗಿಂದ ನೀ ಅಂದದ್ದ ಅದು!”

ಅದು ಖರೇ ಇತ್ತು. ಖರೇ ಇದ್ದದ್ದಕ್ಕೇ ಹೆಚ್ಚು ನಾಟಿತು. ಒಳಗೆ ಚಹಾ ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. ಇಬ್ಬರೂ ಹೋಗಲಿಲ್ಲ.

“ಇವರಿಗೆ ಮೊಮ್ಮಗಳನ್ನ ತೋರಿಸ್ಬಿಟ್ಟಿ ಕಸ್ತೂರಿ” ಅಂದೆ. “ನನ್ನ ಕೈಲೆ ಆಗಲಿಲ್ಲ ಅದು.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಪುಸ್ತಕ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದೆ. ಆ ಮನೆಯಲ್ಲಿ ಚಹಾ ಕುಡಿಯದೆ ಬಂದದ್ದು ಅದೇ ಮೊದಲು. ಆಮೇಲೆ ಹೋಗಿಲ್ಲ. ಅವಳು ಎರಡು ಕಾಗದ ಬರೆದಿದ್ದಾಳೆ, ತನ್ನ ಅಕ್ಷರದಲ್ಲಿ. ಉತ್ತರ ಬರೆಯಲು ಕೂತರೆ ಉಪಚಾರದ ಮೊದಲ ಸಾಲೇ ಸುಳ್ಳಾಗುತ್ತದೆ, ಮಡಚಿಡುತ್ತೇನೆ. ನೆರೆಯವರು ದಾಟಿ ಹೋಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಇವರ ಕೊನೆಯ ದಿನ ನನ್ನ ಪಕ್ಕದಲ್ಲಿ ಕೂತು, ನನ್ನ ಬಳೆ ತೆಗೆಯುವಾಗ ಕೈ ಹಿಡಿದುಕೊಂಡವಳು ಅವಳು.

ಹಾವೇರಿಯ ಗೆಳತಿ ಕಾಯುತ್ತಿದ್ದಳು. ಮುಮ್ತಾಜ ಕೆಂಪು ಪೆನ್ನು ಕೊಟ್ಟಳು. “ಹೊಡದು ಹಾಕು ಆ ನಾಲ್ಕನ್ನೂ” ಅಂದಳು. ಪೆನ್ನು ಹಿಡಿದು ಕೂತೆ. ಮಕ್ಕಳೇ, ನಿಮಗೆ ಸುಳ್ಳು ಹೇಳುವುದಿಲ್ಲ. ಇನ್ನೂ ಒಂದು ದಿನ ಪುಸ್ತಕ ಇಲ್ಲೇ ಇರಲಿ ಎಂದು ಕೇಳಿಕೊಂಡೆ. ಅಳಿಸುವ ಮೊದಲು ಇನ್ನೊಮ್ಮೆ ಓದಬೇಕಿತ್ತು. ಚಹಾದ ಸಕ್ಕರೆಗೆ ಬೈಯುವುದು, ಮಳೆಯ ಸದ್ದಿಗೆ ಏಳುವುದು, ಎಲ್ಲ ಇವರೇ. ಅಷ್ಟು ಚೆನ್ನಾಗಿ ಬಲ್ಲವಳೇ ಹೀಗೆ ಮಾಡಲು ಸಾಧ್ಯ. ಕೊನೆಗೂ ಹೊಡೆದು ಹಾಕಲು ಆಗಲಿಲ್ಲ. ಕೆಳಗೆ, ನೀಲಿ ಪೆನ್ನಿನಲ್ಲಿ, ಇಷ್ಟು ಬರೆದೆ:

‘ಮೇಲಿನ ನಾಲ್ಕು ವರ್ಷದ್ದು ನಾನು ಬರೆದದ್ದಲ್ಲ. ಯಜಮಾನರು ತೀರಿಕೊಂಡಿದ್ದಾರೆ. ನಾನೀಗ ಬ್ಯಾಡಗಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ನನ್ನ ಪಾಳಿ ಬಂದಾಗ ಪುಸ್ತಕ ತಂದುಕೊಡಿ. ಉಡಿ ಬೇಡ.’

ಮುಮ್ತಾಜ ಓದಿ ಎದ್ದು ನಿಂತು ಸೆರಗು ಒಡ್ಡಿದಳು. “ಹಾಕು. ಕೊಡಾಕಿ ನೀನ, ಕಸ್ತೂರಿ ಅಲ್ಲ.”

“ನಾ ತುಂಬಬಾರದಲ್ಲವ್ವ.”

“ಉಡಿ ನಂದು. ನಿನಗೇನು?”

ಮನೆಯಲ್ಲಿ ಅಕ್ಕಿಯಿತ್ತು, ಕಾಯಿಯಿತ್ತು. ಕೈ ಏಳಲಿಲ್ಲ. ಪುಸ್ತಕವನ್ನಷ್ಟೇ ಅವಳ ಸೆರಗಿನಲ್ಲಿಟ್ಟೆ. ಕಸ್ತೂರಿ ಬಸ್ ಕಟ್ಟೆಯ ಮೇಲೆ ಯಾವುದಕ್ಕೆ ಹೆದರಿ ಕೂತಿದ್ದಳೋ ಅದು ನನ್ನ ಕೈಯಲ್ಲೂ ಇದೆ ಎಂದು ಆಗ ತಿಳಿಯಿತು. ಆದರೂ ನಾನು ಅವಳಾಗಿದ್ದರೆ ಬಾಗಿಲವರೆಗೆ ಬರುತ್ತಿದ್ದೆ.

ಮುಂದಿನ ಸಂಕ್ರಾಂತಿ ಹತ್ತಿರ ಬಂತು. ಪುಸ್ತಕ ನನ್ನ ಬಾಗಿಲಿಗೆ ಬರುತ್ತದೋ, ದಾಟಿ ಹೋಗುತ್ತದೋ ತಿಳಿಯದು. ನನ್ನನ್ನು ಎಲ್ಲಿ ಹುಡುಕಬೇಕೆಂಬುದಂತೂ ಅದರಲ್ಲಿ ಬರೆದಿದೆ. ನೀವು ಯಾವಾಗ ಬರ್ತಿ ಎಂದಾಗ ನಾನು ದಿನ ಹೇಳದೆ ಊಟದ ಮಾತೆತ್ತುವುದು ಏಕೆಂದರೆ, ಕುಪ್ಪೇಲೂರಿನಲ್ಲಿ ಒಬ್ಬ ನೀಲವ್ವ ಆಗಲೇ ಇದ್ದಾಳೆ. ಅವಳ ಹಣೆಯಲ್ಲಿ ಕುಂಕುಮವಿದೆ, ಅವಳು ಎಲ್ಲಿಗೂ ಹೋಗಿಲ್ಲ. ನಾನು ಬಂದರೆ ಅವಳ ಮನೆಗೆ ನೆಂಟಳಾಗಿ ಬಂದಂತೆ. ಇಲ್ಲಿ ಉಳಿದರೆ ಮಗಳ ಮನೆಗೆ ನೆಂಟಳು.

ಈ ಮಳೆಗಾಲದಲ್ಲಿ ಕಟ್ಟೆಯ ಮೇಲೆ ತೊಟ್ಟು ಮುರಿಯುತ್ತ ಕೂತಾಗ ಮಧ್ಯಾಹ್ನ ಜೋರು ಮಳೆ ಬರುತ್ತಿತ್ತು. ಇಲ್ಲಿಯದು ಸಿಮೆಂಟಿನ ಮಾಳಿಗೆ, ಸದ್ದಾಗುವುದಿಲ್ಲ. ಆದರೂ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದೆ. ತಗಡಿನ ಮೇಲೆ ಹನಿ ಬೀಳುವುದು, ಇವರು ಎದ್ದು ಕೂತು ಗೊಣಗುವುದು ಕೇಳುತ್ತಿತ್ತು. ನಮ್ಮ ಕೊಟ್ಟಿಗೆಗೆ ಇವತ್ತಿಗೂ ತಗಡಿಲ್ಲ, ನಿಮಗೆ ಗೊತ್ತು.